ಇವತ್ತೇನು ಪಲ್ಯ?

ತೊಂಬತ್ತೆಂಟರ ಆ ಬುಧವಾರ ಹೀರೇಕಾಯಿ ಪಲ್ಯ ಮಾಡಿದ್ದೆ. ನಮ್ಮ ಯಜಮಾನರು ವಾಮದೇವಪ್ಪ ರುಚಿ ನೋಡುವ ಮೊದಲೇ ಸ್ಲೇಟಿನ ತಲೆಗೆ "ಹೀರೇಕಾಯಿ" ಅಂತ ಬರೆದರು. ಬುತ್ತಿ ಡಬ್ಬಿ ಹಿಡಿದು ಹರಿಹರದ ಬಸ್ಸಿಗೆ ಹೋದರು.

ಅವರದು ಆರು ಲಾರಿ. ಯಾವುದು ಎಲ್ಲೈತೆ ಅನ್ನೋದು ಮೊದಲು ಮಂಡಿಪೇಟೆ ಆಫೀಸಿನ ಬೋರ್ಡಿನ ಮೇಲೆ ಇರುತ್ತಿತ್ತು. ಚಾ ಕುಡಿಯಾಕ ಬಂದವರೂ ಓದುತ್ತಿದ್ದರು. ಹಂಗೆ ಓದಿದವರು ಯಾರೋ ಒಂದು ಲಾರಿ ಲೋಡು ಸಮೇತ ಕದ್ದು ಹೊಡಕೊಂಡು ಹೋದರು. ಅವತ್ತೇ ಬೋರ್ಡು ಅಳಿಸಿ, ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆ ಬೀರುವಿನಾಗ ಸ್ಲೇಟು ಇಟ್ಟರು. ಬೀಗದ ಕೈ ನನ್ನ ಸೊಂಟಕ್ಕೆ. ಡ್ರೈವರ್‌ಗಳು ಬೂತಿನಿಂದ ಫೋನ್ ಮಾಡಿದಾಗ ನಾನು ಬರೆದುಕೊಳ್ಳಬೇಕು, ಕೇಳಿದರೆ ಯಾವ ಲಾರಿ ಎಲ್ಲೈತೆ ಅಂತ ಹೇಳಬೇಕು.

ಯಜಮಾನರು ಕಟ್ಟಳೆ ಹಾಕಿದ್ದರು: "ಬೆಳಗಿನ ಮೊದಲ ಫೋನಿಗೆ ನಿನ್ನೆ ಪಲ್ಯ ಏನಂತ ಕೇಳು. ಸರಿ ಹೇಳಿದವನಿಗೆ ಇವತ್ತಿನದು ಹೇಳು. ಆಮೇಲೆ ಅದನ್ನೇ ಕೇಳು. ಹೇಳದವರನ್ನ ನಂಬಬ್ಯಾಡ. ಆಕ್ಸಿಡೆಂಟ್ ಅಂತ ಅಳ್ತಾರ, ನೀನು ಓಡಿ ಹೋದ್ರೆ ಬೀರು ಒಡೀತಾರ."

"ನೀವೇ ಫೋನ್ ಮಾಡಿದ್ರೆ?"

"ನಾನೇ ಮಾಡಿದ್ರೂ ಕೇಳು."

ಡ್ರೈವರ್ ಲಾಲ್ ಸಾಬ್ ನಗುತ್ತಿದ್ದ. "ಅಕ್ಕಾರ, ನಮ್ಮನಿ ಅಡಿಗಿ ಏನಂತ ನಂಗೊತ್ತಿಲ್ಲ. ನಿಮ್ಮನೀದು ಬಾಯಿಪಾಠ."

ಅವತ್ತು ಹನ್ನೊಂದಕ್ಕೆ ಫೋನ್ ಬಂತು. ಹೆಂಗಸಿನ ದನಿ.

"ಹರಿಹರದಿಂದ್ರಿ, ಚಾ ಅಂಗಡಿ ಖತೀಜಾಬೀ. ನಿಮ್ಮ ಯಜಮಾನ್ರು ಬಿದ್ದಾರ, ಜಲ್ದಿ ಬರ್ರಿ."

"ಇವತ್ತೇನು ಪಲ್ಯ?"

"ಯಾ ಅಲ್ಲಾ! ಗಂಡ ಬಿದ್ದಾನ ಅಂದ್ರೆ ಪಲ್ಯ ಕೇಳ್ತೀಯಲ್ಲವ್ವಾ!"

ಇಟ್ಟುಬಿಟ್ಟೆ. ಮತ್ತೆ ಮಾಡಿದಳು. ಮತ್ತೆ ಇಟ್ಟೆ. ಎಂಥ ಗಟ್ಟಿಗಿತ್ತಿ ನಾನು ಅಂತ ಹೆಮ್ಮೆಯೂ ಆಯಿತು.

ಕಾಲು ಗಂಟೆ ಬಿಟ್ಟು ಮೂರನೇ ಸಲ. "ಟೆಂಪೋ ಬಂತು, ಇಲ್ಲೇ ಸರ್ಕಾರಿ ಆಸ್ಪತ್ರೆಗೆ ಒಯ್ತೀವಿ. ಅವರಿಗೆ ಮಾತು ಬಿದ್ದೈತೆ. ಬರೇ ಬುತ್ತಿ ಡಬ್ಬಿ ತೋರಿಸ್ತಾರ. ಹಸಿವೇನೋ ಅಂತ ತುತ್ತು ಹಿಡಿದ್ರೆ ತಲೆ ಅಲ್ಲಾಡಿಸಿ ಫೋನಿನ ಕಡೆ ಕೈ ಮಾಡ್ತಾರ. ಹೀರೇಕಾಯಿ ಐತೆ ನೋಡವ್ವಾ. ಸಾಕಾ?"

ಸಾಕಾಯಿತು. ಆಟೋ ಹಿಡಿದು ಓಡಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಆಕೆ ಡಬ್ಬಿ ಹಿಡಿದು ಕೂತಿದ್ದಳು.

"ಜೀವ ಹೋಗಿ ಕಾಲು ಗಂಟೆ ಆತವ್ವಾ. ಬಾಗಿಲನ್ನೇ ನೋಡ್ತಿದ್ರು."

ಈಗ ಲಾರಿ ನಾನೇ ನೋಡಿಕೊಳ್ತೀನಿ. ಕಟ್ಟಳೆ ಒಂದು ಬದಲು ಮಾಡೀನಿ. ಲಾರಿ ಎಲ್ಲೈತೆ ಅಂತ ಕೇಳುವವರಿಗೆ ಪಲ್ಯ ಕೇಳ್ತೀನಿ. ಯಾರೋ ಬಿದ್ದಾರ ಅಂತ ಹೇಳುವವರಿಗೆ ಕೇಳಲ್ಲ. ಬೀರು ಒಡೆದರೆ ಒಡೀಲಿ.

ಒಬ್ಬಳಿಗೆ ಪಲ್ಯ ಯಾಕ, ರೊಟ್ಟಿಗೆ ಶೇಂಗಾ ಚಟ್ನಿ ಸಾಕು. ಆದರೆ ಮಾಡದೇ ಇರೋದನ್ನ ಸ್ಲೇಟಿಗೆ ಬರೆಯಲು ಕೈ ಬರಲ್ಲ. ದಿನಾ ಬೆಳಗ್ಗೆ ಸ್ಲೇಟು ಒರೆಸಿ, ಒಗ್ಗರಣೆ ಹಾಕಿ, ಪಲ್ಯ ಇಳಿಸಿದ ಮೇಲೆ ಅದರ ಹೆಸರು ಬರೀತೀನಿ.