ಜಟ್ಟಿ ಹೇಳಿದ ಮೇಲೆ ಮುಗಿಯಿತು

ಬೊಬ್ರುವಾಡದ ಜಟ್ಟಿ ನೆಲದ ಮೇಲೆ ಕುಂಟುತ್ತಾನೆ, ತೆಂಗಿನ ಮರದ ಮೇಲೆ ಮಾತ್ರ ಕುಂಟುವುದೇ ಇಲ್ಲ! ಅಂಕೋಲೆಯಿಂದ ಕಾರವಾರದವರೆಗೆ ಕಾಯಿ ಕೀಳುವವರೇ ಸಿಗದ ಈ ಕಾಲದಲ್ಲಿ ಅವನ ಫೋನಿಗೆ ಬಿಡುವೇ ಇಲ್ಲ. ಅವನಿಗೆ ಬರುವ ಇಂಗ್ಲಿಷು ಎರಡೇ ಶಬ್ದ: ಹೋಪ್‌ಲೆಸ್ ಕೇಸ್. ಸ್ಕೂಟರ್ ಸ್ಟಾರ್ಟ್ ಆಗದಿದ್ದರೆ ಹೋಪ್‌ಲೆಸ್ ಕೇಸ್, ಹೆಂಡತಿ ಕಾಮಿಯ ಮಿಕ್ಸಿ ಹೊಗೆಯಾಡಿದರೂ ಹೋಪ್‌ಲೆಸ್ ಕೇಸ್. ಮರದ ಸುಳಿ ನೋಡಿ ಅದನ್ನೇ ಹೇಳಿದನೆಂದರೆ ಮನೆಯವರು ಎರಡನೇ ಮಾತಿಲ್ಲದೆ ಮರ ಕಡಿಸುತ್ತಾರೆ, ಯಾಕೆಂದರೆ ಅವನ ತೀರ್ಪು ಒಮ್ಮೆಯೂ ತಪ್ಪಿಲ್ಲ.

ಆ ಮಾತು ಅವನಿಗೆ ಸಿಕ್ಕಿದ್ದು ಮೂರು ವರ್ಷದ ಹಿಂದೆ, ಶಿರವಾಡದ ಪರಮೇಶ್ವರ ಹೆಗಡೆಯವರ ಅಂಗಳದಲ್ಲಿ. ಹೆಗಡೆಯವರು ಬ್ಯಾಂಕಿನಿಂದ ನಿವೃತ್ತರಾದವರು. ಅವರ ಮರದಿಂದಲೇ ಜಟ್ಟಿ ಬಿದ್ದ. ಕಾಲಿನ ಮೂಳೆ ಹೊರಗೆ ಬಂದಿತ್ತು, ಹೆಗಡೆಯವರ ಕಾರು ಹತ್ತು ಹೆಜ್ಜೆ ದೂರದಲ್ಲಿತ್ತು. ಸೀಟಿಗೆ ರಕ್ತ ಆದೀತೆಂದು ಅವರು ಆಟೋಕ್ಕೆ ಹೇಳಿಕಳಿಸಿದರು. ಆಟೋ ಬರುವವರೆಗೂ ಫೋನಿನಲ್ಲಿ ಮಾತು.

"ಜಟ್ಟಿ ಇನ್ನು ಹೋಪ್‌ಲೆಸ್ ಕೇಸ್ ಮಾರಾಯಾ. ಬೇರೆ ಯಾರಾದ್ರೂ ಇದ್ರೆ ಕಳ್ಸು, ಇನ್ನೂ ಹತ್ತು ಮರ ಹಂಗೇ ಅದೆ."

ಅದರ ಅರ್ಥವನ್ನು ದಾರಿಯಲ್ಲಿ ಆಟೋದವನೇ ಹೇಳಿದ. ಜಟ್ಟಿ ಆ ಮಾತನ್ನು ಮರೆಯಲಿಲ್ಲ, ದಿನಕ್ಕೆ ಹತ್ತು ಸಲ ಹೇಳಿ ಹೇಳಿ ಹರಿತ ಮಾಡಿಟ್ಟುಕೊಂಡ.

ಈ ವರ್ಷ ಹೆಗಡೆಯವರೇ ಫೋನು ಮಾಡಿದರು. ಅವರ ತಾಯಿ ನೆಟ್ಟ ಮರದ ಸುಳಿ ವಾಲಿತ್ತು, ಮರ ಮನೆಯ ಹಂಚಿನ ಕಡೆಗೇ ಬಾಗಿತ್ತು, ಹತ್ತುವವರು ಬೇರೆ ಯಾರೂ ಸಿಕ್ಕಿರಲಿಲ್ಲ.

"ಹೆಂಗಾದ್ರೂ ಉಳ್ಸೋ ಜಟ್ಟಿ. ಆಯಿ ನೆಟ್ಟದ್ದು."

"ಹತ್ತಿ ಕಾಣ್ದೆ ಏನ್ ಹೇಳುದು ಒಡೆಯಾ? ಕಾರ್ ಎಲ್ಲದೆ?"

"ಶೆಡ್ಡಲ್ಲದೆ. ಯಾಕೋ?"

"ಸುಮ್ನೆ ಕೇಳ್ದೆ. ಸೀಟ್ ಹಾಳಾಗ್ಬಾರ್ದಲ್ಲ."

ಶಿರವಾಡಕ್ಕೆ ಬಂದು ಮರ ಹತ್ತಿ ನೋಡಿದರೆ ಸುಳಿಯ ಬುಡದಲ್ಲಿ ಒಂದು ತೂತು, ಅದರಲ್ಲೊಂದು ಕಪ್ಪು ದುಂಬಿ, ಅಷ್ಟೇ! ಜಟ್ಟಿ ಕೊಕ್ಕೆ ತಂತಿಯಿಂದ ಅದನ್ನೆಳೆದು ಹಿಸುಕಿದ. ಒಳಗೆ ಕೊಳೆತಿರಲಿಲ್ಲ. ತೂತಿಗೆ ಉಪ್ಪು ಮರಳು ತುಂಬಿದರೆ ಮರ ಇನ್ನೂ ಮೂವತ್ತು ವರ್ಷ ಕಾಯಿ ಬಿಡುತ್ತಿತ್ತು. ಕೆಳಗೆ ಹೆಗಡೆಯವರು ಕತ್ತೆತ್ತಿ, ಕೈ ಜೋಡಿಸಿ ನಿಂತಿದ್ದರು. ಜಟ್ಟಿ ಬೇಕೆಂದೇ ತುಸು ಹೊತ್ತು ಅಲ್ಲೇ ಕೂತ. ಆಮೇಲೆ ನಿಧಾನ ಇಳಿದು, ಅವರ ಮುಖ ನೋಡುತ್ತಲೇ ಹೇಳಿದ.

"ಹೋಪ್‌ಲೆಸ್ ಕೇಸ್. ಬೇಗ ಕಡಿಬೇಕು, ಇಲ್ದಿದ್ರೆ ಮನೆ ಮೇಲೇ ಬೀಳ್ತದೆ. ನಾನೇ ಕಡಿತೆ, ನೀವ್ ಬೇರೆ ಜನ ಹುಡ್ಕುದು ಬ್ಯಾಡ."

ಹೆಗಡೆಯವರು ಕಾಂಡಕ್ಕೆ ಕೈಯಾನಿಸಿದರು. ಆಮೇಲೆ ತಲೆಯಾಡಿಸಿದರು.

ಮರುದಿನ ಮರ ಉರುಳಿತು. ತೆಂಗು ಕಡಿದರೆ ಸುಳಿಯೊಳಗಿನ ಎಳೆ ತಿರುಳನ್ನು ಅಕ್ಕಪಕ್ಕದವರಿಗೆಲ್ಲ ಹಂಚಿ ತಿನ್ನುವುದುಂಟು. ಜಟ್ಟಿ ಅದನ್ನು ಸೀಳಿ ತೆಗೆದ. ಹಾಲಿನಂಥ ಬಿಳಿ, ಒಂದು ಕಲೆಯಿಲ್ಲ! ಮೊದಲ ತುಂಡನ್ನು ಬಾಳೆಯೆಲೆಯಲ್ಲಿಟ್ಟು ಹೆಗಡೆಯವರಿಗೇ ಕೊಟ್ಟ.

"ಎಷ್ಟ್ ಸಿಹಿ ಅದೆ ಹೆಗಡೇರೆ!" ಎಂದಳು ಪಕ್ಕದ ಮನೆಯ ಯಶೋದಾ.

ಹೆಗಡೆಯವರು ಅಗಿದರು. ಅಗಿಯುವುದು ನಿಂತಿತು. ಸುಳಿ ಕೆಟ್ಟ ಮರದ ತಿರುಳು ನಾರುತ್ತದೆಂದು ಅವರಿಗೂ ಗೊತ್ತು. ಕಣ್ಣೆತ್ತಿದರೆ ಜಟ್ಟಿ ಎದುರಿಗೇ ನಿಂತು, ದೊಡ್ಡ ತುಂಡೊಂದನ್ನು ಕರುಂ ಕರುಂ ಎಂದು ತಿನ್ನುತ್ತಿದ್ದ.

"ಇನ್ನೊಂದ್ ಕೊಡ್ಲಾ ಒಡೆಯಾ? ಇಟ್ರೆ ಕಪ್ಪಾತದೆ."

ಕೇರಿಯವರೆಲ್ಲ ನೋಡುತ್ತಿದ್ದರು. ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದರೆ ಮೂರು ವರ್ಷದ ಹಿಂದಿನ ಕಾರಿನ ಮಾತೂ ಅವರೆದುರೇ ಹೊರಬೀಳುತ್ತಿತ್ತು. ಹೆಗಡೆಯವರು ಕೈ ಚಾಚಿದರು.