ಭಾವನ ಕಪ್ಪು, ನನ್ನ ಬಿಳಿ

ಸಾರು ಮಾಡಲು ಒಣಗಿಸಿಟ್ಟ ಪುನರ್ಪುಳಿ ಸಿಪ್ಪೆ ಬೇಕೆಂದು ಹೆಂಡತಿ ಮೊನ್ನೆ ನನ್ನನ್ನು ಅಟ್ಟಕ್ಕೆ ಹತ್ತಿಸಿದಳು. ರಟ್ಟಿನ ಪೆಟ್ಟಿಗೆಯ ಮುಚ್ಚಳ ತೆಗೆದದ್ದೇ ಹುಳಿ ವಾಸನೆಯ ಜೊತೆ ಹೊಸ ಪ್ಲಾಸ್ಟಿಕ್ಕಿನ ವಾಸನೆಯೂ ಬಂತು. ಸಿಪ್ಪೆಯ ಪೊಟ್ಟಣ ಎತ್ತಿದರೆ ಅಡಿಯಲ್ಲಿ ಎರಡು ಪೆನ್ಸಿಲ್ ಸೆಲ್. ನನಗೆ ಏಣಿಯ ಮೇಲೆಯೇ ನಗು ಉಕ್ಕಿತು.

"ಎಂತ, ತಲೆ ತಿರುಗಿತಾ?" ಎಂದು ಅವಳು ಕೆಳಗಿನಿಂದ ಕೇಳಿದಳು.

ತಿರುಗಿದ್ದು ತಲೆಯಲ್ಲ, ಕಾಲ. ಆ ಪೆಟ್ಟಿಗೆಯಲ್ಲಿ ಮೊದಲು ಇದ್ದದ್ದು ವಿಡಿಯೊ ಗೇಮಿನ ಮೆಷಿನ್. ಹಲ್ಲು ಅಲುಗಾಡುವ ಪ್ರಾಯದಲ್ಲಿ ಅದು ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಬೇಕಿರಲಿಲ್ಲ. ಆದರೆ ಭಾವನ ಮನೆಗೆ ಒಂದು ಬಂದಿತ್ತಲ್ಲ!

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಬೆಳುವಾಯಿಯಲ್ಲಿ ರಸ್ತೆಯ ಈಚೆ ನಾನು, ಆಚೆ ಅವರು. ರಜೆ ಸುರುವಾದರೆ ಬಂಟ್ವಾಳದಿಂದ, ಬೆಳ್ತಂಗಡಿಯಿಂದ, ಪುಂಜಾಲಕಟ್ಟೆಯಿಂದ ಎರಡೂ ಮನೆಯ ಮೊಮ್ಮಕ್ಕಳು ಬಂದು ಇಳಿಯುತ್ತಿದ್ದರು. ಊಟ, ನಿದ್ದೆ ಯಾರ ಮನೆಯಲ್ಲಾದರೂ ಆಗಲಿ, ಸಂಜೆ ಮಾತ್ರ ನನ್ನ ಜಗಲಿಯಲ್ಲಿ. ಚೆನ್ನೆಮಣೆ ಆಟದ ಕಾಯಿಗಳನ್ನು ಎಲ್ಲರ ಕಣ್ಣೆದುರೇ ಮಾಯ ಮಾಡುತ್ತಿದ್ದೆ. ಬಂದ ನೆಂಟರ ಚಾ ತಟ್ಟೆಗೆ ರಬ್ಬರಿನ ಹಲ್ಲಿ ಬಿಡುತ್ತಿದ್ದೆ. ಮೂಡುಬಿದಿರೆ ಸುತ್ತಮುತ್ತ ನನ್ನಷ್ಟು ಚೆಂದ ಮಾಡಿ ಮೋಸ ಮಾಡುವವರು ಇನ್ನೊಬ್ಬರಿಲ್ಲ. ಇದು ಜಂಬವಲ್ಲ, ಮೋಸ ಹೋದವರೇ ಕೊಟ್ಟ ಸರ್ಟಿಫಿಕೇಟು. ನನ್ನ ಅಂಗಳದಲ್ಲಿ ಪುಟ್ಟ ಪುಟ್ಟ ಚಪ್ಪಲಿಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿರುವುದನ್ನು ರಸ್ತೆಯ ಆಚೆಯಿಂದ ಭಾವ ನೋಡುತ್ತಿದ್ದರು. ಅವರು ನೋಡುತ್ತಿದ್ದಾರೆ ಎಂಬುದನ್ನು ನಾನೂ ನೋಡುತ್ತಿದ್ದೆ. ಅದರ ಸುಖ ಬೇರೆಯೇ.

ಹಾಗಿರುವಾಗ ಒಂದು ರಜೆಯಲ್ಲಿ ಭಾವ ಕಪ್ಪು ಬಣ್ಣದ ಗೇಮ್ ಮೆಷಿನ್ ತಂದು ಟಿವಿಗೆ ಸಿಕ್ಕಿಸಿದರು. ಸಂಜೆ ನಾನು ರಬ್ಬರಿನ ಹಲ್ಲಿಯನ್ನು ಜೇಬಿಗೆ ಹಾಕಿಕೊಂಡು ಜಗಲಿಗೆ ಬಂದರೆ ಅಂಗಳ ಖಾಲಿ. ಚಪ್ಪಲಿಗಳೆಲ್ಲ ಆಚೆ ಅಂಗಳದಲ್ಲಿ.

"ಹೊಟ್ಟೆಕಿಚ್ಚಾ?" ಎಂದಳು ಹೆಂಡತಿ.

"ಗ್ಯಾಸು" ಎಂದೆ.

ಮರುದಿನವೇ ಮೂಡುಬಿದಿರೆಯ ಬಸ್ಸು ಹತ್ತಿದೆ. ಅಂಗಡಿ ನಡೆಸುವ ಹೆಂಗಸು ನನ್ನನ್ನು ಕೂರಿಸಿ ಕಪ್ಪು ಒಂದು, ಬಿಳಿ ಒಂದು ಎದುರಿಗಿಟ್ಟರು. ಒಳಗೆ ಏನುಂಟು, ಯಾವುದರ ಚಿತ್ರ ಚೆಂದ ಎಂದೆಲ್ಲ ಹೇಳಿದರು. ನನಗೆ ಅರ್ಥವಾದದ್ದು ಬಣ್ಣ ಮಾತ್ರ.

"ಜನ ಹೆಚ್ಚಾಗಿ ಯಾವುದು ತೆಗೊಳ್ತಾರೆ?" ಎಂದು ಕೇಳಿದೆ.

"ಮೆಷಿನ್ ನೋಡಿ ಯಾರೂ ತೆಗೊಳ್ಳುವುದಿಲ್ಲ ಅಜ್ಜ. ಫ್ರೆಂಡ್ಸ್ ಮನೆಯಲ್ಲಿ ಯಾವುದುಂಟು ಅಂತ ನೋಡಿಯೇ ತೆಗೊಳ್ಳುವುದು. ನಿಮ್ಮ ಮಕ್ಕಳು ಆಡುವ ಮನೆಯಲ್ಲಿ ಯಾವುದು?"

"ಕಪ್ಪು."

"ಹಾಗಾದ್ರೆ ಕಪ್ಪೇ ತೆಗೊಳ್ಳಿ."

"ಬಿಳಿ ಕೊಡಿ" ಎಂದೆ.

ಅವರು ಕನ್ನಡಕ ಸರಿ ಮಾಡಿಕೊಂಡು ನನ್ನ ಮುಖ ನೋಡಿದರು. ಅವರಿಗೆ ನಮ್ಮ ಚರಿತ್ರೆ ಗೊತ್ತಿಲ್ಲವಲ್ಲ. ಭಾವ ಕೆಂಪು ಸ್ಕೂಟರು ತೆಗೆದುಕೊಂಡದ್ದಕ್ಕೆ ನಾನು ನೀಲಿ ಬೈಕು ತೆಗೆದುಕೊಂಡು ಸೊಂಟ ಹಾಳು ಮಾಡಿಕೊಂಡವನು. ಅವರು ಒಂದು ಯಕ್ಷಗಾನ ಮೇಳವನ್ನು ಹೊಗಳಿದರೆಂದು, ನಿದ್ದೆ ಬರಿಸುವ ಇನ್ನೊಂದು ಮೇಳದ ಪರವಾಗಿ ವರ್ಷಾನುಗಟ್ಟಲೆ ವಾದ ಮಾಡಿದವನು. ನಾನೂ ಕಪ್ಪೇ ತಂದರೆ ಸಾಯುವವರೆಗೆ "ನಮ್ಮದು ನೋಡಿ ತಂದದ್ದಲ್ವಾ ಭಾವ?" ಎಂಬುದನ್ನು ಕೇಳಬೇಕಿತ್ತು.

ಮೊದಲ ಸಂಜೆ ಚಪ್ಪಲಿಗಳು ತಿರುಗಿ ಬಂದವು. ನಾನು ಮೀಸೆ ತಿರುವುತ್ತಾ ಗೇಟಿನ ಹತ್ತಿರವೇ ನಿಂತೆ, ಭಾವನಿಗೆ ಕಾಣಲಿ ಎಂದು. ಅಷ್ಟರಲ್ಲಿ ಪುಂಜಾಲಕಟ್ಟೆಯ ಮೊಮ್ಮಗಳು ಪ್ರತೀಕ್ಷಾ ಒಂದು ಡಿಸ್ಕ್ ಹಿಡಿದುಕೊಂಡು ಬಂದಳು.

"ಅಜ್ಜ, ಆಚೆ ಮನೆಯ ಆಟ ಇದಕ್ಕೆ ಹಿಡಿಯುವುದಿಲ್ಲ. ನಾವು ಕಟ್ಟಿದ ಫುಟ್ಬಾಲ್ ಟೀಮ್ ಎಲ್ಲ ಅದರಲ್ಲೇ ಉಂಟು."

"ಇಲ್ಲಿ ಹೊಸ ಟೀಮ್ ಕಟ್ಟುವ, ಅದಕ್ಕೆಂತ?"

"ಎಲ್ಲ ಮೊದಲಿಂದ ಯಾರು ಮಾಡ್ತಾರೆ ಅಜ್ಜ? ಕಪ್ಪು ತರ್ಬೇಕಿತ್ತು ನೀವು."

ಚಪ್ಪಲಿಗಳು ಪುನಃ ರಸ್ತೆ ದಾಟಿದವು. ಬಿಳಿ ಮೆಷಿನ್ ತೊಳೆದು ಕವುಚಿಟ್ಟ ಪಾತ್ರೆಯ ಹಾಗೆ ಟಿವಿಯ ಕೆಳಗೆ ಕೂತಿತು, ನಾನು ಅದರ ಎದುರು ಕೂತೆ. ಆಚೆ ಮನೆಯಿಂದ "ಗೋಲ್!" ಎಂಬ ಕೂಗು ಬಂದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಯಾರೋ ಒಗ್ಗರಣೆ ಹಾಕಿದ ಹಾಗೆ ಆಗುತ್ತಿತ್ತು.

ಒಂದು ಮಧ್ಯಾಹ್ನ ಭಾವನೇ ಬಂದರು. "ನಿಮ್ಮ ಬಿಳಿಯದ್ದು ನೋಡುವ ಅಂತ ಬಂದೆ. ಆಡುವನಾ?"

ಗೆದ್ದವರು ಸೋತವನ ಮನೆಗೆ ಚಾ ಕುಡಿಯಲು ಬರುವ ಠೀವಿ ಅದು. ನಾನು ಒಳಗೆ ಹೋಗಿ, ಅವರಿಗೆ ಕೊಡುವ ಆಟದ ರಿಮೋಟಿನಿಂದ ಎರಡು ಸೆಲ್ ತೆಗೆದು ಈ ರಟ್ಟಿನ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಭಾವನ ಟೀಮನ್ನು ಮೆಷಿನ್ನೇ ಆಡಿಸುವ ಹಾಗೆ ಆಟವನ್ನು ಇಟ್ಟೆ. ಭಾವ ಜೀವವಿಲ್ಲದ ಗುಂಡಿಗಳನ್ನು ಒತ್ತಿದ್ದೇ ಒತ್ತಿದ್ದು. ಪರದೆಯ ಮೇಲೆ ಓಡುವವನ ಜೊತೆ ತಾವೂ ಕುರ್ಚಿಯಲ್ಲಿ ಓಡಿದರು. "ಒದ್ದೆ ನೋಡಿ ಭಾವ! ಹೇಗೆ ಒದ್ದೆ!"

ಕಷ್ಟ ಏನೆಂದರೆ, ಮೆಷಿನ್ ನನ್ನನ್ನು ಸೋಲಿಸಿತು. ಮರುದಿನವೂ ಸೋಲಿಸಿತು. ಭಾವ ಎದೆ ಉಬ್ಬಿಸಿದರು. ನೀವಲ್ಲ ಗೆದ್ದದ್ದು ಎಂದು ಹೇಳಿದರೆ ನನ್ನ ಮೋಸ ಹಾಳು, ಹೇಳದಿದ್ದರೆ ಮಾನ ಹಾಳು. ಆದರೆ ಆ ಗಲಾಟೆಗೆ ಮಕ್ಕಳು ಒಬ್ಬೊಬ್ಬರಾಗಿ ಬಂದು ಕಿಟಕಿಯಲ್ಲಿ ಇಣುಕಿದರು. ಆಮೇಲೆ ಒಳಗೆ ಬಂದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಚಪ್ಪಲಿಗಳು ನನ್ನ ಅಂಗಳದಲ್ಲೇ ಉಳಿದವು. ಅಜ್ಜ ಮಾಡಿದ ಮೋಸ ಮಕ್ಕಳಿಗೆ ತಿಳಿದಿದೆ, ಅದನ್ನು ನೋಡಲಿಕ್ಕೇ ಬರುತ್ತಿದ್ದಾರೆ ಎಂದು ನಾನು ಒಳಗೊಳಗೇ ಉಬ್ಬಿದೆ. ಆ ರಜೆ ಪೂರ್ತಿ ಸೋತೆ, ಆ ರಜೆ ಪೂರ್ತಿ ರಾಜನಾಗಿದ್ದೆ.

ಈಗ ಆ ಮಕ್ಕಳಿಗೆಲ್ಲ ಮೀಸೆಯೋ ಪರೀಕ್ಷೆಯೋ ಬಂದಿದೆ. ಇನ್ನು ಗುಟ್ಟು ಯಾಕೆ? ಸಿಪ್ಪೆಯನ್ನು ಹೆಂಡತಿಯ ಕೈಗೆ ಕೊಟ್ಟು, ಸೆಲ್ಲಿನ ಕತೆಯನ್ನೂ ಅವಳಿಗೆ ಹೇಳಿ, ಎರಡು ಸೆಲ್ಲನ್ನು ಜೇಬಿಗೆ ಹಾಕಿ ರಸ್ತೆ ದಾಟಿದೆ. ಭಾವ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಎಲೆತಟ್ಟೆಯಲ್ಲಿ ಸೆಲ್ ಇಟ್ಟು, ನಿಧಾನವಾಗಿ, ರಸವತ್ತಾಗಿ ಎಲ್ಲವನ್ನೂ ಹೇಳಿದೆ. ಅವರ ಮುಖ ಬಾಡುವುದನ್ನು ನೋಡಲು ಕಾದೆ.

ಭಾವ ಎಲೆ ಮಡಚಿದರು. "ಮೊದಲನೇ ದಿನವೇ ಗೊತ್ತುಂಟು ಮಾರಾಯ್ರೆ. ಇಷ್ಟು ವರ್ಷ ಟಾರ್ಚ್ ಹಿಡಿದವನಿಗೆ ಸೆಲ್ ಇಲ್ಲದ್ದು ಹಗುರ ಅಂತ ತಿಳಿಯುವುದಿಲ್ವಾ?"

"ಮತ್ತೆ ಎಂತಕ್ಕೆ ಒತ್ತಿದ್ದು?"

"ನಮ್ಮಲ್ಲಿ ಮಕ್ಕಳು ಟಿವಿ ನೋಡ್ತಿದ್ರು, ನನ್ನನ್ನು ಯಾರು ನೋಡಿದ್ದಾರೆ? ಮೆಷಿನ್ ತಂದದ್ದೇ ನಿಮ್ಮ ಜಗಲಿ ನೋಡಿ ಹೊಟ್ಟೆ ಉರಿದು. ಮತ್ತೆ ಮಕ್ಕಳ ಹತ್ರ ಹೇಳಿದೆ, 'ಬನ್ನಿ, ಅಜ್ಜ ನನಗೆ ಮೋಸ ಮಾಡುವುದು ನೋಡುವ. ನನಗೆ ಗೊತ್ತುಂಟು ಅಂತ ಅಜ್ಜನಿಗೆ ಹೇಳ್ಬೇಡಿ' ಅಂತ."

ಅಂದರೆ ಮಕ್ಕಳು ಹೊಟ್ಟೆ ಹಿಡಿದು ನಕ್ಕದ್ದು ನನ್ನನ್ನು ನೋಡಿ. ನನ್ನ ಜಗಲಿಯಲ್ಲಿ, ನನ್ನ ಮೆಷಿನ್ನಿನ ಎದುರು, ಅಷ್ಟೂ ದಿನ ರಾಜನಾಗಿದ್ದದ್ದು ಭಾವ! ಅಂಥ ಮೋಸ ನನಗೆ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆಯ ಒಗ್ಗರಣೆ ಪುನಃ ಚಟಪಟ ಎಂದಿತು. ಅವರು ಕೊಟ್ಟ ಎಲೆ ಬಾಯಿಗೆ ಹಾಕಿಕೊಂಡು ಹಿಂದೆ ಬಂದೆ.

ಹೆಂಡತಿ ಪುನರ್ಪುಳಿ ನೆನೆ ಹಾಕುತ್ತಿದ್ದಳು. "ಎಂತ ಹೇಳಿದ್ರು ಅಣ್ಣ?"

"ಪಾಪ" ಎಂದೆ, "ಅವರಿಗೆ ಇನ್ನೂ ಗೊತ್ತಾಗಲಿಲ್ಲ."