ಹಮ್ ತಗ್ಯಾಕ ಹೋದದ್ದು

ಯರಗುಪ್ಪಿ ಮಠದಾಗ ಪುರಾಣ ಶುರುವಾದ್ರ ಸಾಕು, ಸ್ಪೀಕರಿನ್ಯಾಗ 'ಹಮ್ಮ್' ಅಂತ ಒಂದ ಸವನ ಸದ್ದು. ಅದನ್ನ ತಗ್ಯಾಕ ನನ್ನ ಕರಸಿದ್ರು. ಅಂಗೈಯಷ್ಟಿರೂ ಅಗ್ಗದ ಕಂಪ್ಯೂಟರ್ ಬೋರ್ಡಿಗೆ, ಮೈಕಿನ ದನಿಯನ್ನ ಅಂಕಿ ಮಾಡಿ ಮತ್ತ ದನಿ ಮಾಡೂ ಕನ್ವರ್ಟರ್ ಜೋಡಿಸಿ, ಸ್ಟೀಲ್ ಡಬ್ಬ್ಯಾಗ ಹಾಕ್ಕೊಂಡು ಹೋದೆ.

"ಇದೇನ್ ಮಾಡ್ತೈತ್ರಿ?" ಅಂದ್ರು ಬಸಪ್ಪಕಾಕಾ.

"ಹಮ್ ತಗೀತೈತ್ರಿ."

ಕಾಕಾ ಮಾರಿ ಗಂಟ ಹಾಕ್ಕೊಂಡ್ರು. ಶಾಸ್ತ್ರಿಗಳು ಪುರಾಣ ಹೇಳೂಮುಂದ ಮಾತಿಗೊಮ್ಮೆ "ಹೂಂ" ಅನ್ನೂದು ಅವರ ಕೆಲಸ. ಅವರಪ್ಪಂದೂ ಅದ ಕೆಲಸ ಆಗಿತ್ತು.

"ನನ್ನ ಹೂಂ ತಗ್ಯಾಕ ಬಂದೀರೇನು?"

"ನಿಮ್ಮ ಹೂಂ ಅಲ್ರಿ ಕಾಕಾ, ಹಮ್ಮು!"

ಅಲ್ಲಿಗೆ ಅಗದಿ ಕೆಟ್ಟಾತು. "ನನಗ ಹಮ್ಮು ಬಂದೈತೇನು? ಆತು, ಇವತ್ತ ನಾ ಬಾಯಿ ತಗಿಯಂಗಿಲ್ಲ," ಅಂದವರ ಕಂಬಕ್ಕ ಬೆನ್ನ ಹಚ್ಚಿ ಕುಂತ್ರು.

ಡಬ್ಬಿ ಹಚ್ಚಿದೆ. ಸದ್ದು ನಿಂತು ಮಠ ತಣ್ಣಗಾತು. ರಾಜ ಕುದುರಿ ಏರಾಕ ಕಾಲೆತ್ತಿದ ಅಂತ ಹೇಳಿ ಶಾಸ್ತ್ರಿಗಳು ಕಾಕಾನ ಕಡೆ ನೋಡಿದ್ರು. ಹೂಂ ಇಲ್ಲ. ಮತ್ತ ಹೇಳಿದ್ರು. ಇಲ್ಲ. ಹೂಂ ಇಲ್ಲದ ಅವರಿಗೆ ಮುಂದಿನ ಮಾತ ಬರವಲ್ದು. ಪಾಪ, ರಾಜ ಒಂಟಿಗಾಲ ಮ್ಯಾಲೆ ನಿಂತಬಿಟ್ಟ.

"ಆ ಡಬ್ಬಿ ಬಿಚ್ಚರಿ ಮಾರಾಯ್ರ," ಅಂದ್ರು ಶಾಸ್ತ್ರಿಗಳು. ಬಿಚ್ಚಿ ಮೈಕ ಸೀದಾ ಸ್ಪೀಕರಿಗೆ ಹಚ್ಚಿದೆ. 'ಹಮ್ಮ್' ಅಂತು. ಶಾಸ್ತ್ರಿಗಳ ಮಾರಿ ಅರಳಿತು, ರಾಜ ಕುದುರಿ ಏರಿದ.

ಮರುದಿನ ಕಾಕಾಂದ ಫೋನು. "ಆ ಡಬ್ಬಿ ತಂದ ಹಚ್ಚರಿ. ನಿಮ್ಮ ಸ್ಪೀಕರಿಗೆ ತಿಳಿವಳಿಕಿ ಇಲ್ರಿ. ರಾಣಿ ಸತ್ಲು ಅಂದ್ರೂ ಹೂಂ ಅಂತೈತಿ!"

ನಾನೂ "ಹೂಂ" ಅಂದೆ.